ಸೀದ ಹಾಲಿನ ಪಾತ್ರೆ

ಅತ್ತಿಗೆ,

ಒಲೆ ಮೇಲಿನ ಪಾತ್ರೆ ನೋಡಿ ಕೂಗಾಡಬೇಡಿ. ಹಾಲು ಸೀಯಿಸಿದ್ದು ನಾನೇ. ಸಂಜೆ ಬೈಂಡಿಂಗ್ ಅಂಗಡಿಯಿಂದ ಬಂದು ನಾನೇ ತಿಕ್ತೀನಿ.

ಮೂಗು ತೊಳ್ಕೊಂಡಿದ್ದೀನಿ, ಫೋನ್ ಮಾಡಿ ಕೇಳಬೇಡಿ. ಹಳೇ ಪುಸ್ತಕ ಬಿಚ್ಚುವಾಗ ಮಾಸ್ಕ್ ಹಾಕ್ತೀನಿ, ಆಣೆ.

ಇಬ್ಬರು ಡಾಕ್ಟರು ನೆಗಡಿ ಅಂದಾಗ ನಾನು ತಲೆಯಾಡಿಸಿ ಎದ್ದು ಬಂದಿದ್ದೆ. ನೀವೋ, ಒಗೆಯೋಕೆ ಹಾಕಿದ್ದ ನನ್ನ ಕರ್ಚೀಫನ್ನ ಮೂರನೆಯವರ ಮೇಜಿನ ಮೇಲೆ ಬಿಡಿಸಿಟ್ಟು, "ಒಂದೇ ಹೊಳ್ಳೆಯಿಂದ ಈ ಕಂದು ಚೂರು ಬೀಳೋದು ಯಾವ ಸೀಮೆ ನೆಗಡಿ?" ಅಂದ್ರಿ. ಸ್ಕ್ಯಾನ್ ಮಾಡಿದ್ರೆ ಸೈನಸ್ ತುಂಬ ಬೂಷ್ಟು, ಕಣ್ಣಿನ ಹತ್ತಿರದವರೆಗೂ! ನಿಮ್ಮ ಹಟದಿಂದ ನನ್ನ ಕಣ್ಣು ಉಳೀತು ಅಂತ ಆಪರೇಷನ್ ಮಾಡಿದವರೇ ಹೇಳಿದ್ರು.

ಇವತ್ತು ಹಾಲು ಉಕ್ಕಿದ್ದು ನಾನು ನೋಡ್ಲಿಲ್ಲ. ಸೀದ ವಾಸನೆ ಬಂತು, ಓಡಿಬಂದೆ. ಎಂಟು ತಿಂಗಳ ಮೇಲೆ ವಾಸನೆ, ಅತ್ತಿಗೆ! ಪಾತ್ರೆ ಅಷ್ಟು ಕಪ್ಪಾಗಿರೋದು ಅದಕ್ಕೇ. ಮೂಸ್ತಾ ನಿಂತವಳು ಒಲೆ ಆರಿಸೋದನ್ನೇ ಮರೆತೆ.