ಅಂಗನವಾಡಿಯ ತಗಡಿನ ಬಾಗಿಲು

ಗೊಬ್ಬೂರ, ತಾ. ಅಫಜಲಪುರ
೧೧ ಮಾರ್ಚ್ ೨೦೨೫, ಮಂಗಳವಾರ

ಪ್ರೀತಿಯ ತಮ್ಮ ಸಿದ್ದಲಿಂಗನಿಗೆ ನಿನ್ನ ಅಕ್ಕನ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ಆ ಚಳಿಯಲ್ಲಿ ತುಟಿ ಒಡೆದು ರಕ್ತ ಬರುತ್ತದೆ ಎಂದಿದ್ದೆ. ಬೆಣ್ಣೆ ಹಚ್ಚು, ನಾಚಿಕೊಳ್ಳಬೇಡ, ಫೌಜಿಯೂ ಮನುಷ್ಯನೇ. ಅವ್ವ ಎರಡು ಹೊತ್ತು ಊಟ ಮಾಡುತ್ತಿದ್ದಾಳೆ, ಚಿಂತೆ ಮಾಡಬೇಡ. ನಾಲ್ಕು ದಿನದಿಂದ ಇಲ್ಲಿ ಇಂಟರ್ನೆಟ್ ಬಂದ್ ಆಗಿದೆ. ಫೋನ್ ಹತ್ತಿದರೂ ನಿನ್ನ ದನಿ ಕೇಳಿದ ಕೂಡಲೇ ನನಗೆ ಅಳು ಬರುತ್ತದೆ, ಮಾತು ಮುಂದೆ ಹೋಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಭೀಮೆಯ ನೀರು ಕಾಲುವೆಗೆ ಬಿಡಬೇಕೆಂದು ಊರವರು ನಮ್ಮ ಅಂಗನವಾಡಿಯ ಮುಂದಿನ ರಸ್ತೆಯಲ್ಲಿ ಧರಣಿ ಕೂತು ಒಂಬತ್ತು ದಿನವಾಗಿತ್ತು. ಧರಣಿ ಬೇಡವೆನ್ನುವ ಎದುರು ಪಕ್ಷದವರು ದಿನಾ ಬಂದು ಎಬ್ಬಿಸುತ್ತೇವೆ ಎಂದು ಬೆದರಿಸಿ ಹೋಗುತ್ತಿದ್ದರು. ಜೇವರ್ಗಿ ಕಡೆ ಬಸ್ಸಿಗೆ ಕಲ್ಲು ಬಿದ್ದಿತ್ತು, ಆಳಂದದಲ್ಲಿ ಟೈರು ಸುಟ್ಟಿದ್ದರು. ನಮಗೆ ಗೊತ್ತಿದ್ದದ್ದು ಅಷ್ಟೇ: ಕಲ್ಲು, ಬಡಿಗೆ, ಬೈಗುಳ.

ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆ. ನನ್ನ ಹತ್ತಿರ ಹದಿನಾಲ್ಕು ಮಕ್ಕಳಿದ್ದವು. ಸಹಾಯಕಿ ಗೌಸಿಯಾಬೇಗಂ ಉಪ್ಪಿಟ್ಟು ತಿರುವುತ್ತಿದ್ದಳು. ಆಕೆಯ ಗಂಡ ರಸೂಲ, ನೀನು ಫೌಜಿನ ಭರ್ತಿಗೆ ಹೋಗುವಾಗ ತನ್ನ ಟಂಟಂನಲ್ಲಿ ಕಲಬುರಗಿಯವರೆಗೆ ಬಿಟ್ಟು ಬಂದನಲ್ಲ, ಅವನೇ, ಧರಣಿಗೆ ಮುದುಕಿಯರನ್ನು ಇಳಿಸಿ ನಮ್ಮ ಬಾಗಿಲಲ್ಲಿ ನೀರು ಕುಡಿಯುತ್ತ ನಿಂತಿದ್ದ. ಹೊರಗೆ ಪಟಪಟನೆ ಸದ್ದಾಯಿತು. ಮಕ್ಕಳು "ಪಟಾಕಿ! ಪಟಾಕಿ!" ಎಂದು ಚಪ್ಪಾಳೆ ತಟ್ಟಿದವು. ಸುಳ್ಳೇಕೆ ಹೇಳಲಿ, ನಾನೂ ನಕ್ಕೆ. ಕಿಟಕಿಗೆ ಹೋಗಿ ನೋಡಿದರೆ ಬಿಳಿ ಜೀಪಿನಲ್ಲಿ ನಿಂತು ಇಬ್ಬರು ಗುಂಡು ಹಾರಿಸುತ್ತಿದ್ದಾರೆ. ಮುಖಕ್ಕೆ ಟವಲು ಸುತ್ತಿದ್ದರು. ಕೈಯಲ್ಲಿದ್ದದ್ದು, ತಮ್ಮಾ, ಫೋಟೊದಲ್ಲಿ ನೀನು ಹಿಡಿದು ನಿಂತಿರುತ್ತೀಯಲ್ಲ, ಅಂಥದೇ ಬಂದೂಕು, ಒಮ್ಮೆ ಒತ್ತಿದರೆ ನಿಲ್ಲದೆ ಹಾರುವಂಥದು. ಜನ ಚಪ್ಪಲಿ ಬಿಟ್ಟು ಓಡಿದರು. ಓಡಲಾಗದ ಮುದುಕಿಯರು ತಮ್ಮ ಖಾಲಿ ಕೊಡಗಳ ಹಿಂದೆ ಮುಖ ಮುಚ್ಚಿಕೊಂಡರು. ಪ್ಲಾಸ್ಟಿಕ್ ಕೊಡಗಳ ಹಿಂದೆ!

"ಟೀಚರವ್ರ, ಹುಡುಗ್ರನ್ನ ನೆಲಕ್ಕ ಮಲಗಸ್ರಿ!" ಎಂದು ರಸೂಲ ಕೂಗಿದ. ಬಾಗಿಲಿನ ಚಿಲಕ ಕೆಟ್ಟಿತ್ತು. ತಗಡಿನ ಬಾಗಿಲನ್ನು ಹೊರಗಿನಿಂದ ಎಳೆದು, ಬೆನ್ನು ಕೊಟ್ಟು ನಿಂತ. "ನೀವೂ ಒಳಗ ಬರ್ರಿ" ಎಂದು ಗೌಸಿಯಾ ಕಿರುಚಿದಳು. "ಬಾಗ್ಲಾ ತಗೀಬ್ಯಾಡ ಬೇ" ಎಂದ. ಅದೇ ಕೊನೆಯ ಮಾತು. ಗುಂಡುಗಳು ಅವನನ್ನೂ ತಗಡನ್ನೂ ತೂರಿ, ನಾನು ಅ ಆ ಇ ಈ ಬರೆದ ಗೋಡೆಗೆ ಬಡಿದವು. ಮಕ್ಕಳ ಮೇಲೆ ಅಡ್ಡ ಬಿದ್ದಿದ್ದ ಗೌಸಿಯಾ ಕದಲಲಿಲ್ಲ. ಜೀಪಿನ ಸದ್ದು ದೂರವಾದ ಮೇಲೆ "ಅವ್ರ ದನಿ ಬರವಲ್ದ್ರಿ" ಎಂದಳು, ಅಷ್ಟೇ.

ಒಂದು ಮಗುವಿಗೂ ಗೀರು ಬಿದ್ದಿಲ್ಲ. ರಸೂಲನ ಜೊತೆ ಇನ್ನಿಬ್ಬರು ಹೋದರು. ಅದರಲ್ಲಿ ಒಬ್ಬಳು ನಮ್ಮ ಹಿತ್ತಲ ಮನೆಯ ಶಾರದಾಬಾಯಿ. ಪೊಲೀಸ್ ಸಾಹೇಬರು ಗುಂಡಿನ ಖಾಲಿ ತೋಟೆಗಳನ್ನು ಆರಿಸುತ್ತ "ಇದು ಊರಾಗಿನ ಸಾಮಾನಲ್ರಿ, ಫೌಜಿನಾಗ ಇರೋವಂಥಾದ್ದು" ಎಂದರು. ಗಡಿಯಲ್ಲಿರಬೇಕಾದದ್ದು ನೀರು ಕೇಳಿದವರ ಮೇಲೆ ಹೇಗೆ ಬಂತು? ನನಗೆ ಇನ್ನೂ ತಲೆಗೆ ಹತ್ತುತ್ತಿಲ್ಲ. ಇವತ್ತು ಮೂರೇ ಮಕ್ಕಳು ಬಂದಿದ್ದವು. ನನ್ನ ಕೈಯಿಂದ ತಾಟು ಜಾರಿ ಬಿತ್ತು. ಯಾರೂ ಹೇಳದೆಯೇ ಮೂರೂ ನೆಲಕ್ಕೆ ಮಲಗಿಬಿಟ್ಟವು.

ಹುಷಾರಾಗಿರು. ಹೊತ್ತಿಗೆ ಸರಿಯಾಗಿ ಉಣ್ಣು. ಬಸವಣ್ಣ ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಸುಮಂಗಲಾ

ತಾ.ಕ.: ಒಬ್ಬನ ಟವಲು ಜಾರಿತ್ತು. ನಮ್ಮ ಚಿಕ್ಕಪ್ಪನ ಮಗ ಅಮರನಾಥ. ಮೇಲೆ ಬರೆಯಲು ಕೈ ಬರಲಿಲ್ಲ. ಪೊಲೀಸರಿಗೆ ಹೆಸರು ಹೇಳಿ ಸಹಿ ಮಾಡಿದ್ದೇನೆ. ನಿನ್ನೆ ಚಿಕ್ಕವ್ವ ಬಂದು "ಕಾಣಲಿಲ್ಲ ಅಂತ ಒಂದ್ ಮಾತ ಹೇಳವಾ" ಎಂದು ನನ್ನ ಕಾಲು ಹಿಡಿದಳು. ಅವ್ವನೂ ಆಕೆಯ ಪರ. ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಇಬ್ಬರೂ ನಿನಗೆ ಫೋನ್ ಮಾಡುತ್ತಾರೆ. ಬೇರೆ ಯಾರು ಕೇಳಿದರೂ ತಡೆದುಕೊಳ್ಳುತ್ತೇನೆ. ನೀನು ಕೇಳಿದರೆ ಸೋತುಬಿಡುತ್ತೇನೇನೋ. ಕೇಳಬೇಡ ತಮ್ಮಾ.