ರೈಟ್ ಅಂದವಳು ನಾನೇ

ಕಡೂರು
ಸೋಮವಾರ, 8 ಡಿಸೆಂಬರ್ 2025

ಮಾನಸ, ನನ್ನ ಬಂಗಾರಿ,

‘ನಾವೆಲ್ಲ ಇಲ್ಲಿ ಕ್ಷೇಮ’ ಎಂದು ಶುರು ಮಾಡಬೇಕು. ಅಷ್ಟು ಬರೆಯಲು ಪೆನ್ನು ಹಿಡಿದು ಹತ್ತು ನಿಮಿಷ ಕೂತೆ, ಕೈ ಬರಲಿಲ್ಲ. ಹಾಗಾಗಿ ನೇರ ವಿಷಯಕ್ಕೇ ಬರುತ್ತೇನೆ. ಶನಿವಾರ ಸ್ಪಂದನಾಳನ್ನು ಕಳಿಸಬೇಡ. ಉಲ್ಕೆ ಬೀಳುವುದನ್ನು ನೋಡಲು ತಾತನ ಮನೆಗಾಡಿಯಲ್ಲಿ ಎಮ್ಮೆದೊಡ್ಡಿಗೆ ಹೋಗಬೇಕೆಂದು ಈಗಲೇ ಬ್ಯಾಗು ತುಂಬಿಕೊಂಡು ಕೂತಿದ್ದಾಳೆ ಅಂದೆಯಲ್ಲ, ಆ ಬ್ಯಾಗು ಬಿಚ್ಚಿಸು. ಅಳುತ್ತಾಳೆ, ಅಳಲಿ. ನಿನ್ನೆ ಫೋನಿನಲ್ಲಿ ಟೈರು ಸರಿಯಿಲ್ಲ ಎಂದದ್ದು ಸುಳ್ಳು. ಟೈರು ಹೊಸದು. ಸರಿಯಿಲ್ಲದಿರುವುದು ನಿಮ್ಮಪ್ಪನ ಕಣ್ಣು.

ನೀನಿರುವ ಅಜ್ಜಂಪುರ ಇಲ್ಲೇ ಇದೆ, ಅಮ್ಮ ಕಾಗದ ಯಾಕೆ ಬರೆದಳು ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ಪಿಸುಗುಟ್ಟಿದರೂ ನಿಮ್ಮಪ್ಪನಿಗೆ ಪಡಸಾಲೆಯಿಂದಲೇ ಕೇಳುತ್ತದೆ. ಕಣ್ಣು ಕಳೆದುಕೊಂಡಷ್ಟೂ ಕಿವಿ ಚುರುಕಾಗಿದೆ ಆ ಮನುಷ್ಯನಿಗೆ. ಬಸ್ಸಿನಲ್ಲಿ ಕೊಟ್ಟು ಕಳಿಸೋಣವೆಂದರೆ ಈ ಲೈನಿನ ಕಂಡಕ್ಟರುಗಳೆಲ್ಲ ಅವರ ಶಿಷ್ಯರು, ಕಾಗದ ಬೀರೂರು ದಾಟುವ ಮೊದಲೇ ಸುದ್ದಿ ಮನೆಗೆ ವಾಪಸ್ಸು ಬಂದಿರುತ್ತದೆ. ಹಾಗಾಗಿ ನಾನೇ ಅಂಚೆ ಕಚೇರಿಗೆ ಹೋಗಿ ಹಾಕುತ್ತೇನೆ.

ನಿಮ್ಮಪ್ಪನ ಜಂಬ ನಿನಗೆ ಗೊತ್ತೇ ಇದೆ. ಮೂವತ್ತೊಂದು ವರ್ಷ ಕಡೂರು, ತರೀಕೆರೆ, ಅಜ್ಜಂಪುರ ಎಂದು ಪ್ರೈವೇಟ್ ಬಸ್ಸು ಓಡಿಸಿದರು. ಒಂದು ಕೋಳಿಯನ್ನೂ ಚಕ್ರಕ್ಕೆ ಕೊಡಲಿಲ್ಲ. ಡ್ರೈವರ್ ತೀರ್ಥಪ್ಪ ಸೀಟಿನಲ್ಲಿದ್ದಾರೆ ಅಂದರೆ ಬಸುರಿಯರನ್ನೂ ನಿಶ್ಚಿಂತೆಯಿಂದ ಹತ್ತಿಸುತ್ತಿದ್ದರು ಜನ. “ಈ ಲೈನ್ ಕಣ್ಮುಚ್ಕೊಂಡು ಓಡುಸ್ತೀನಿ ಕಣೇ” ಎಂದು ಅವರು ಹೇಳಿದಾಗಲೆಲ್ಲ ನಾನೂ ನೀನೂ ನಗುತ್ತಿದ್ದೆವು. ಕೆಲಸದ ಕೊನೆಯ ಎರಡು ವರ್ಷ ಸಂಜೆಯ ಟ್ರಿಪ್ಪು ಬೇಡವೇ ಬೇಡ, ಬೆಳಗಿನದೇ ಬೇಕು ಎಂದು ಹಟ ಹಿಡಿದಾಗಲಾದರೂ ನನಗೆ ಹೊಳೆಯಬೇಕಿತ್ತು. ಆಗ ವಯಸ್ಸಾಯಿತು, ಸುಸ್ತು ಎಂದುಕೊಂಡೆ.

ಕೆಲಸ ಬಿಟ್ಟಮೇಲೆ ಈ ಮನೆಗಾಡಿಯ ಹುಚ್ಚು ಹಿಡಿಯಿತು. ಟ್ರ್ಯಾಕ್ಟರಿನ ಟ್ರೇಲರ್ ಮಾಡುವ ನಮ್ಮ ಮೋಹನನ ಗ್ಯಾರೇಜಿನಲ್ಲಿ ಆರು ತಿಂಗಳು ಕೂತು, ಗುಜರಿಗೆ ಬಂದ ಬಸ್ಸಿನ ಸೀಟು, ಕಿಟಕಿ ಎಲ್ಲ ಸೇರಿಸಿ ಮಾಡಿಸಿದ್ದು. ಎರಡು ಮಂಚ, ಒಂದು ಗ್ಯಾಸ್ ಒಲೆ, ಕುಡಿಯುವ ನೀರಿನ ಡ್ರಮ್ಮು. ಹಳೆ ಬಸ್ಸಿನ ‘ಕೈ ತಲೆ ಹೊರಗೆ ಚಾಚಬೇಡಿ’ ಬೋರ್ಡನ್ನೂ ಬಿಡದೆ ನನ್ನ ಮಂಚದ ತಲೆದೆಸೆಗೇ ಹೊಡೆಸಿದ್ದಾರೆ. ನಮ್ಮ ಜೀಪಿನ ಹಿಂದೆ ಅದನ್ನು ಸಿಕ್ಕಿಸಿಕೊಂಡು ಹೊರಟರೆ ಬೀದಿಯ ಮಕ್ಕಳೆಲ್ಲ ಓಡಿ ಬರುತ್ತವೆ.

ಮೊದಲ ಸಲ ಹೋದದ್ದು ಮಾರ್ಚಿನಲ್ಲಿ, ಅಮೃತಾಪುರಕ್ಕೆ. ಆ ದಿನದ ಸಂತೋಷವನ್ನು ನಾನು ಸುಳ್ಳು ಎನ್ನುವುದಿಲ್ಲ. ಮದುವೆಯಾಗಿ ಮೂವತ್ತಾರು ವರ್ಷಕ್ಕೆ, ಅವರು ಓಡಿಸುವ ಗಾಡಿಯ ಮುಂದಿನ ಸೀಟಿನಲ್ಲಿ, ಟಿಕೆಟ್ಟಿಲ್ಲದೆ ಕೂತಿದ್ದೆ. ಹೊರಡುವಾಗಲೇ ಅಂದರು: “ಲೇ ಮಲ್ಲಿ, ಇವತ್ತಿಂದ ನೀನೇ ನನ್ ಕಂಡಕ್ಟ್ರು. ಹೋಗ್ಬೋದು ಅಂದ್ರೆ ರೈಟ್ ಅನ್ನು, ನಿಲ್ಸು ಅಂದ್ರೆ ಹೋಲ್ಡಾನ್ ಅನ್ನು. ಅಷ್ಟು ಸಾಕು.” ನನಗೆ ಆಟ. ದಾರಿಯುದ್ದಕ್ಕೂ ರೈಟ್, ಹೋಲ್ಡಾನ್ ಎನ್ನುತ್ತಾ ಹೋದೆ. ದೇವಸ್ಥಾನ ನೋಡಿ, ಪರಿಚಯದವರ ತೋಟದ ಬದಿಯಲ್ಲಿ ಗಾಡಿ ನಿಲ್ಲಿಸಿ, ಉಪ್ಪಿಟ್ಟು ಮಾಡಿಕೊಂಡು ತಿಂದೆವು. ಕತ್ತಲಾದ ಮೇಲೆ ಸೊಳ್ಳೆ ಎಂದು ಅವರು ಕೆಳಗೆ ಇಳಿಯಲೇ ಇಲ್ಲ. ಇಳಿಯಲೇಬೇಕಾದಾಗ ನನ್ನ ಹೆಗಲ ಮೇಲೆ ಕೈ ಹಾಕಿಕೊಂಡೇ ನಡೆದರು. ಈ ವಯಸ್ಸಿನಲ್ಲಿ ಇದೇನು ಸರಸ ಎಂದು ನಾಚಿಕೊಂಡೆ. ಎಂಥ ಪೆದ್ದಿ ನಿಮ್ಮಮ್ಮ ನೋಡು.

ಎರಡನೆಯದು ಏಪ್ರಿಲ್ ಅಮಾವಾಸ್ಯೆಯ ಹಿಂದಿನ ದಿನ, ಎಮ್ಮೆದೊಡ್ಡಿಯ ದನ ಮೇಯುವ ಕಾವಲಿಗೆ ಅಂಟಿಕೊಂಡಿರುವ ತಿಮ್ಮರಾಯಪ್ಪನವರ ಹೊಲಕ್ಕೆ. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಅಭಿರಾಮ್ ದೂರದರ್ಶಕ ತಂದಿದ್ದರು, ಹತ್ತು ಹನ್ನೆರಡು ಜನ ಸೇರಿದ್ದೆವು. ಚುಕ್ಕಿ ನೋಡಲು ಬಂದವರು ದೀಪ ಹಚ್ಚುವಂತಿಲ್ಲವಂತೆ, ಟಾರ್ಚನ್ನೂ ಆರಿಸಿಬಿಟ್ಟರು. ಅಷ್ಟು ಚುಕ್ಕಿಗಳನ್ನು ನಾನು ಹುಟ್ಟಿದಮೇಲೆ ನೋಡಿರಲಿಲ್ಲ ಮಾನಸ.

ಮೇಷ್ಟ್ರು ಸಪ್ತರ್ಷಿಗಳನ್ನು ತೋರಿಸಿ, ಬಾಲದ ತುದಿಯಿಂದ ಎರಡನೆಯದು ವಸಿಷ್ಠ, ಅದಕ್ಕೆ ಒತ್ತಿಕೊಂಡಂತೆ ಸಣ್ಣಗೆ ಇರುವುದೇ ಅರುಂಧತಿ ಎಂದರು. ಎಲ್ಲರೂ ನಕ್ಕರು. ಮದುವೆಯ ದಿನ ಮಟಮಟ ಮಧ್ಯಾಹ್ನ ಆಕಾಶ ತೋರಿಸಿ ಅರುಂಧತಿ ಕಾಣಿಸಿತೇ ಎಂದರೆ ಎಲ್ಲ ಮದುಮಕ್ಕಳೂ ಕಾಣಿಸಿತು ಎನ್ನುವವರೇ ತಾನೇ? ತಿಮ್ಮರಾಯಪ್ಪನವರು, “ಅರುಂಧತಿ ಕಾಣ್ದೋರು ಆರು ತಿಂಗ್ಳಲ್ಲಿ ಗೋವಿಂದ ಅಂತಾರೆ ಕಣ್ರಪ್ಪಾ, ನೆಟ್ಟಗೆ ನೋಡ್ಕಳಿ” ಎಂದು ಹೆದರಿಸಿದರು. ಮೇಷ್ಟ್ರು ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ನಿಮ್ಮಪ್ಪ ಕತ್ತೆತ್ತಿ, “ಓ, ಕಾಣ್ತು ಕಣಪ್ಪಾ! ಜೋಡಿ ಎಷ್ಟು ಚೆನ್ನಾಗೈತೆ” ಎಂದರು.

ಸಪ್ತರ್ಷಿಗಳು ಇದ್ದದ್ದು ಬಡಗಲಿಗೆ. ನಿಮ್ಮಪ್ಪ ತೆಂಕಲಿಗೆ ಮುಖ ಮಾಡಿ ನಿಂತಿದ್ದರು.

ಕತ್ತಲಲ್ಲಿ ಬೇರೆ ಯಾರಿಗೂ ಗೊತ್ತಾಗಲಿಲ್ಲ. ನಾನು ಅವರ ಕೈ ಹಿಡಿದುಕೊಂಡಿದ್ದೆ, ಹಾಗಾಗಿ ಗೊತ್ತಾಯಿತು. ಇನ್ನೊಂದು ಕೈಯನ್ನು ಅವರ ಮುಖದ ಮುಂದೆ ಆಡಿಸಿದೆ. ರೆಪ್ಪೆ ಅಲುಗಲಿಲ್ಲ. “ಯಾಕೆ ಸುಮ್ನಾದೆ?” ಎಂದು ಕೇಳಿದರು. ಮದುವೆಯ ದಿನ ನಾನೂ ಕಾಣಿಸಿತು ಎಂದವಳೇ, ಆದರೆ ಅದು ನಾಚಿಕೆಯ ಸುಳ್ಳು. ಇದು ಭಯದ ಸುಳ್ಳು ಎಂದು ಅವರ ಕೈ ಬೆವರಿದ್ದರಲ್ಲೇ ತಿಳಿಯಿತು.

ಬೆಳಗ್ಗೆ ಕೇಳಿದೆ. ಮೊದಲು ರೇಗಿದರು, ಆಮೇಲೆ ಲೈಸೆನ್ಸಿನ ಜೊತೆ ಮಡಿಸಿಟ್ಟಿದ್ದ ಕಣ್ಣಿನ ಡಾಕ್ಟರ ಚೀಟಿ ತೆಗೆದು ಕೊಟ್ಟರು. ನಾಲ್ಕು ವರ್ಷ ಹಳೆಯದು. ಇರುಳುಗಣ್ಣಂತೆ. ಬೆಳಕು ಇಳಿದರೆ ಏನೂ ಕಾಣುವುದಿಲ್ಲ, ಹಗಲಲ್ಲೂ ಅಕ್ಕಪಕ್ಕದ ನೋಟ ವರ್ಷವರ್ಷಕ್ಕೆ ಮುಚ್ಚಿಕೊಳ್ಳುತ್ತಾ ಬರುತ್ತದೆ, ಔಷಧಿ ಇಲ್ಲ. “ಡ್ರೈವರ್ ತೀರ್ಥಪ್ಪಂಗೆ ಕಣ್ಣು ಕಾಣಲ್ವಂತೆ ಅಂದ್ರೆ, ನನ್ನ ನಂಬಿ ಹತ್ತಿದ ಜನ ಏನಂದ್ಕೊಂತಾರೆ ಮಲ್ಲಿ?” ಎಂದು ಅತ್ತುಬಿಟ್ಟರು. ಅವರಮ್ಮ ತೀರಿಕೊಂಡಾಗಲೂ ನಾನು ಅವರ ಕಣ್ಣಲ್ಲಿ ನೀರು ನೋಡಿರಲಿಲ್ಲ. ಯಾರಿಗೂ ಹೇಳಬಾರದು ಎಂದು ನಿನ್ನ ಮೇಲೆ ಆಣೆ ಮಾಡಿಸಿಕೊಂಡರು. ಆ ಆಣೆಯನ್ನು ಈಗ ಮುರಿಯುತ್ತಿದ್ದೇನೆ. ನಿನಗೇನೂ ಆಗುವುದಿಲ್ಲ, ಆದರೂ ಬೆಳಗ್ಗೆ ದೇವರ ಮುಂದೆ ತಪ್ಪುಕಾಣಿಕೆ ಕಟ್ಟಿಟ್ಟು ಬಂದು ಕೂತಿದ್ದೇನೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಳೆ ನಿಂತಮೇಲೆ ನಾವು ಲಿಂಗದಹಳ್ಳಿ ಕಡೆಗೆ ಹೋದೆವು. ಹೋಗಿದ್ದನ್ನೇ ನಿನಗೆ ಹೇಳಿಲ್ಲ. ಗಾಡಿಯ ಮಗ್ಗುಲು ನೆಗ್ಗಿದ್ದು ಲಾರಿ ತಾಗಿ ಎಂದದ್ದೂ ಸುಳ್ಳೇ.

ಎಲ್ಲ ಗೊತ್ತಿದ್ದೂ ಯಾಕೆ ಹೋದೆ ಎಂದು ಕೇಳುತ್ತೀ. ಹಗಲಲ್ಲಿ ಮಾತ್ರ ಓಡಿಸುತ್ತೇನೆ ಎಂದರು, ಒಪ್ಪಿದೆ. ಅದು ಅರ್ಧ ನಿಜ. ಉಳಿದರ್ಧ ಬರೆಯಲು ನಾಚಿಕೆಯಾಗುತ್ತದೆ. ಇಷ್ಟು ವರ್ಷದ ಸಂಸಾರದಲ್ಲಿ ಸಾರಿಗೆ ಉಪ್ಪು ಸಾಲದು ಎನ್ನುವುದನ್ನು ಬಿಟ್ಟರೆ ನಿಮ್ಮಪ್ಪ ನನ್ನ ಕಡೆ ತಿರುಗಿ ಮಾತಾಡಿದ್ದು ಕಮ್ಮಿ. ಆ ಜೀಪಿನಲ್ಲಿ ನನ್ನ ಒಂದೊಂದು ಮಾತಿಗೂ ಕಿವಿಗೊಟ್ಟು ಕಾಯುತ್ತಿದ್ದರು. ನಾನು ರೈಟ್ ಅಂದರೆ ಗಾಡಿ ಹೋಗುತ್ತಿತ್ತು, ಹೋಲ್ಡಾನ್ ಅಂದರೆ ನಿಲ್ಲುತ್ತಿತ್ತು. ನನಗೆ ಅದು ಬೇಕಾಗಿತ್ತು ಮಾನಸ. ಅವರ ಕಣ್ಣು ಹೋದದ್ದರಲ್ಲಿ ನಾನು ಸುಖ ಕಂಡೆ.

ವಾಪಸ್ಸು ಬರುವ ದಿನ ನಾಲ್ಕಕ್ಕೇ ಹೊರಡಬೇಕೆಂದಿದ್ದೆವು. ಅವರ ಹಳೇ ಪ್ಯಾಸೆಂಜರ್ ಒಬ್ಬರು ಸಿಕ್ಕಿ, ಕಾಫಿ, ಮಾತು ಎಂದು ಹೊತ್ತಾಯಿತು. ಗುಡ್ಡದ ಬುಡದಲ್ಲಿ ಬೆಳಕು ಬೇಗ ಇಳಿಯುತ್ತದೆ. ಇಲ್ಲೇ ಇದ್ದು ಬೆಳಗ್ಗೆ ಹೋಗೋಣ ಎಂದೆ, “ಈ ದಾರಿ ನಂಗ್ ಹೊಸದಾ?” ಎಂದರು. ಕೆರೆ ಏರಿಯ ಮೇಲೆ ಬರುವಾಗ ನನಗೇ ದಾರಿ ಮಬ್ಬಾಗಿತ್ತು. ಏರಿ ಮುಗಿಯುವಲ್ಲಿ ರಸ್ತೆ ಬಲಕ್ಕೆ ತಿರುಗುತ್ತದೆ. ಅವರು ತಿರುಗಿಸುತ್ತಿಲ್ಲ. ನನಗೆ ಗಾಬರಿಯಾಗಿ “ರೈಟ್! ರೈಟ್!” ಎಂದು ಕಿರುಚಿದೆ.

ಬಲಕ್ಕೆ ತಿರುಗಿಸಿ ಎಂದು ನನ್ನ ಅರ್ಥ. ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಕಿವಿಗೆ ಅದರ ಅರ್ಥ ಒಂದೇ: ಹೋಗಲಿ. ಎರಡು ಸಲ ರೈಟ್ ಅಂದರೆ ಬೇಗ ಹೋಗಲಿ. ಆಕ್ಸಿಲರೇಟರ್ ಒತ್ತಿದರು.

ಜೀಪಿನ ಮುಂದಿನ ಚಕ್ರ ಏರಿಯಿಂದಾಚೆ ಹೋಗಿ ಗಾಳಿಯಲ್ಲಿ ನಿಂತಿತು. ಹಿಂದಿನ ಮನೆಗಾಡಿ ಅಡ್ಡ ತಿರುಗಿ ಏರಿಯ ಕಲ್ಲುಕಂಬಕ್ಕೆ ಸಿಕ್ಕಿಹಾಕಿಕೊಂಡು ನಮ್ಮನ್ನು ಹಿಡಿದುಕೊಂಡಿತು. ಕೆಳಗೆ ತುಂಬಿದ ಕೆರೆ. ಊರಿನವರು ಟ್ರ್ಯಾಕ್ಟರ್ ತಂದು ಎಳೆದರು. “ನೀನೇ ರೈಟ್ ಅಂದ್ಯಲ್ಲೇ” ಎಂದರು ನಿಮ್ಮಪ್ಪ, ಬೈಯಲಿಲ್ಲ, ಸಣ್ಣ ದನಿಯಲ್ಲಿ. ಹೌದು, ರೈಟ್ ಅಂದವಳು ನಾನೇ. ತಪ್ಪು ನನ್ನದೇ ಎಂದು ನೆರೆದವರ ಮುಂದೆಯೂ ಒಪ್ಪಿಕೊಂಡೆ. ಅವರ ಮಾನ ಉಳಿಯಲಿ ಎಂದು.

ಈಗ ನೋಡು ಅದರ ಫಲ. ತಪ್ಪು ಕಣ್ಣಿನದಲ್ಲ, ಮಾತಿನದು ಎಂದು ಅವರು ನಂಬಿ ಕೂತಿದ್ದಾರೆ. “ಇನ್ಮೇಲೆ ರೈಟ್ ಗೀಟ್ ಬ್ಯಾಡ, ಎಡಕ್ಕೆ ಬಲಕ್ಕೆ ಅನ್ನು” ಎಂದು ಹೊಸ ಪಾಠ ಮಾಡಿದ್ದಾರೆ. ಶನಿವಾರ ದೀಪ ಹಚ್ಚಿದ ಮೇಲೆ ಹೊರಟು ಕಾವಲಿಗೆ ಹೋಗುವುದಂತೆ. ನಾನು ಬರುವುದಿಲ್ಲ ಎಂದೆ. ಅದಕ್ಕೆ ಏನೆಂದರು ಗೊತ್ತೇ? “ನೀನು ಗಾಬರಿ ಗಿರಾಕಿ. ಮಗು ಕಣ್ಣು ಚುರುಕು, ಸ್ಪಂದನಾನೇ ಮುಂದೆ ಕೂರುಸ್ಕೊಂಡು ಹೋಯ್ತೀನಿ. ಅವಳೇ ನನ್ ಕಂಡಕ್ಟ್ರು.” ಒಂಬತ್ತು ವರ್ಷದ ಕೂಸು ದಾರಿ ಹೇಳಬೇಕಂತೆ. ಆ ಮಾತು ಕೇಳಿದಮೇಲೆ ನನಗೆ ನಿದ್ದೆಯಿಲ್ಲ.

ನೀನು ಶುಕ್ರವಾರ ಬಾ. ಒಬ್ಬಳೇ ಬಾ. ಜೀಪಿನ ಕೀ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದೆ, ತಡಕಾಡಿ ಹುಡುಕಿಕೊಂಡು ನಕ್ಕರು. ನಾನು ಕೇಳಿದರೆ ಕೊಡುವುದಿಲ್ಲ, ನೀನು ಕೇಳಿದರೆ ಇಲ್ಲ ಎನ್ನಲಾರರು. ನಾಲ್ಕು ಜನರ ಎದುರು ಕೇಳಬೇಡ. ಗಾಡಿ ಮಾರು ಎಂದೂ ಹೇಳಬೇಡ, ಅದೊಂದೇ ಅವರ ಜೀವ. ಅಳಿಯಂದಿರಿಗೆ ಬಿಡುವಾದಾಗ ಅವರು ಓಡಿಸಲಿ, ನಿಮ್ಮಪ್ಪ ಪಕ್ಕದಲ್ಲಿ ಕೂತು ಗೇರು ಸರಿಯಾಗಿ ಹಾಕಲಿಲ್ಲ ಎಂದು ಗೊಣಗಲಿ. ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಅದನ್ನು ಆಮೇಲೆ ತೀರಿಸಿಕೋ. ಮೊದಲು ಆ ಕೀ ತೆಗೆದುಕೊಂಡು ಹೋಗು.

ಬಾಗಿಲಲ್ಲೇ ಕಾಯುತ್ತಿರುವ,
ಅಮ್ಮ
(ಮಲ್ಲಿಕಾಂಬ)

ಮರೆತದ್ದಲ್ಲ, ಬಿಟ್ಟದ್ದು: ಕವರಿಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದೆ. ಲಿಂಗದಹಳ್ಳಿಗೆ ಹೋದದ್ದು ಯಾವಾಗ ಎಂದು ಬೇಕೆಂದೇ ಬರೆಯಲಿಲ್ಲ. ದಸರಾ ರಜೆಯಲ್ಲಿ. ಸ್ಪಂದನಾ ಹಿಂದಿನ ಸೀಟಿನಲ್ಲಿ ಮಲಗಿದ್ದಳು. ಅವಳ ಹುಬ್ಬಿನ ಮೇಲಿನ ಮೂರು ಹೊಲಿಗೆ ನಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಆದದ್ದಲ್ಲ. ಹಾಗೆ ಹೇಳು ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿಕೊಂಡು ಕಲಿಸಿದವಳು ನಾನು. ರಕ್ತ ಒರೆಸುತ್ತಾ ಎರಡು ಸಲ ಒಪ್ಪಿಸಿಕೊಂಡೆ. ಎರಡು ತಿಂಗಳಿಂದ ಆ ಮಗು ನಿನ್ನ ಮುಂದೆ ಒಂದು ಮಾತೂ ತಪ್ಪದೆ ಅದನ್ನು ಹೇಳುತ್ತಿದೆ. ಅವಳನ್ನು ಬೈಯಬೇಡ. ಇನ್ನು ಹಾಗೆ ಹೇಳಬೇಕಾಗಿಲ್ಲವಂತೆ, ಅಜ್ಜಿ ಕಾಗದ ಬರೆದಿದ್ದಾಳೆ ಎಂದು ಅವಳಿಗೆ ತಿಳಿಸು.