ನೇರಲ ಹಣ್ಣಿನ ಬಿಯರೂ ನನ್ನ ಮೀಸಿಯೂ

೬-೭-೪೭, ಬೆಟಗೇರಿ

ಇವತ್ತೂ ಸಾಹೇಬನ ಬಂಗ್ಲೆದಾಗ ಕೋಳಿ ಸಾರು. ಹನ್ನೆರಡು ವರ್ಷ ಆತು, ನನ್ನ ಅಡಿಗಿಗೆ ಈ ರೇಲ್ವೆ ಡ್ರೈವರ್ ಸಾಹೇಬ ಒಮ್ಮೆನೂ ಹೆಸರಿಟ್ಟಿಲ್ಲ. ಹೆಸರಿಡೂದು ಬಿಯರಿಗೆ ಮಾತ್ರ. ಜವೆಗೋದಿ ಮೊಳಕಿ ಕುದಿಸಿ ನಾನೇ ಮಾಡ್ತೀನಿ, ಕಲಿಸಿದಾಂವ ಅವನೇ. ರುಚಿ ಐತಿ, ಗ್ಯಾಸಿಲ್ಲ. "ಅಂದಪ್ಪಾ, ಇದು ಬಿಯರಲ್ಲ, ಕುದುರಿ..." ಅಂತಾನ. ಬರಿಯೂದು ಬ್ಯಾಡ.

ಮುಂದಿನ ತಿಂಗಳು ಸಾಹೇಬ ವಿಲಾಯತಿಗೆ ಹೋಗಾಂವ. ಲೋಕೋ ಶೆಡ್ಡಿನ ಮಂದಿ ಮುಂದ ನನ್ನ ಬಾಯಿ ಸುಮ್ಮನಿರಲಿಲ್ಲ — "ಸೆಂಡಾಫ್ ದಿನ ಬುಸ್ ಅನ್ನೂ ಬಿಯರ್ ಕುಡಸ್ತೀನಿ. ನನ್ನ ತಲಿ, ನನ್ನ ಕೈ! ಆಗಲಿಲ್ಲಂದ್ರ ಈ ಮೀಸಿ ಬೋಳಿಸ್ಕೋತೀನಿ!"

ಇಂಜಿನ್ನಿಗೆ ಕಲ್ಲಿದ್ದಲಿ ಹಾಕೂ ಲಾಡಸಾಬ ಅಲ್ಲೇ ಅಂದ, "ಕ್ಷೌರದ ಪುಂಡಲೀಕಪ್ಪಗ ಕತ್ತಿ ಮಸಿಯಾಕ ಹೇಳಲೇನೋ ಕಾಕಾ?"

ಹರ್ತಿಯಿಂದ ಮಲ್ಲಸಮುದ್ರದ ತನಕ ಇಂಥಾ ಮೀಸಿ ಇನ್ನೊಂದಿಲ್ಲ. ಹೆದರಿಕಿ ಇಲ್ಲ. ಸ್ವಲ್ಪ ಐತಿ.

೧೧-೭-೪೭

ಡೋಣಿ ಗುಡ್ಡದ ನೇರಲ ಹಣ್ಣು ಹಿಂಡಿ ಇಟ್ಟದ್ದು ಮರತಿದ್ದೆ. ಇವತ್ತು ಮುಚ್ಚಳ ತಗದ್ರ ಗುಳುಗುಳು ಗುಳ್ಳಿ! ಗ್ಯಾಸ್ ಇಲ್ಲೇ ಕುಂತೈತಲ್ಲ! ಬಾಟ್ಲಿಗೆ ಅರ್ಧ ಲೋಟ ರಸ, ಉಳಿದದ್ದು ಬಿಯರ್. ಬೂಚು ಬಡಿದೆ. ವಿಲಾಯತಿ ಕಂಪನಿಗೂ ಹೊಳದಿರಾಕಿಲ್ಲ.

೧೫-೭-೪೭

ಐದೂ ಬಾಟ್ಲಿ ಢಂ. ಹೆಂಡ್ತಿ ಕೌದಿ ನೀಲಿ ಆತು. ಬಾಂಬ್ ಬಿತ್ತಂತ ಓಣಿ ಮಂದಿ ಓಡಿ ಬಂದ್ರು.

ಅಣ್ಣನ ಮಗಳು ಹನಮಂತವ್ವ ನಕ್ಕು ನಕ್ಕು ಗ್ವಾಡಿ ಹಿಡಕೊಂಡ್ಲು. ಖಾಸಿಂಸಾಬನ ಸೋಡಾ ಕಾರಖಾನಿಯಾಗ ಬಾಟ್ಲಿ ತೊಳಿಯಾಕಿ ಆಕಿ.

"ಕಾಕಾ, ಹಣ್ಣಿನ ಸಿಹಿ ತಿಂದು ಉಬ್ಬತೈತ್ರಿ ಅದು. ಅಷ್ಟು ಉಣಿಸಿದ್ರ ಒಡೀದ ಏನು ಮಾಡೀತು?"

"ಮತ್ತ ಎಷ್ಟು ಹಾಕ್ಬೇಕು? ಹೇಳವಾ ಶಾಣ್ಯಾಕಿ."

"ಗೋಲಿನ್ನ ಕೇಳೂಣು."

೨೩-೭-೪೭

ಅವತ್ತಿನ ಮರುದಿನಾನ ಹನಮಂತವ್ವ ಹನ್ನೆರಡು ಗೋಲಿ ಸೋಡಾ ಬಾಟ್ಲಿ ತಂದಿದ್ಲು. ನಾಕಕ್ಕ ಒಂದೊಂದು ದೊಡ್ಡ ಚಮಚ ರಸ, ನಾಕಕ್ಕ ಎರಡೆರಡು, ನಾಕಕ್ಕ ಮೂರು ಮೂರು. ತಲಿಕೆಳಗ ಮಾಡಿ ಹುಲ್ಲಿನಾಗ ಇಟ್ಲು, ಗೋಲಿ ಬಾಯಿಗೆ ಬಂದು ಕುಂಡರಲಿ ಅಂತ. ದಿನಾ ಒಂದು ಎತ್ತಿ ನೆಟ್ಟಗ ಮಾಡೂದು. ಗೋಲಿ ಕೆಳಗ ಬಿತ್ತೋ, ಗ್ಯಾಸ್ ಸಾಲದು. ಬಾಯಿ ಕಚ್ಚಿ ನಿಂತಿತೋ, ಬಂತು! ನಾ ಆಸಿಗೆ ಇನ್ನೊಂದು ಎತ್ತಾಕ ಹೋದ್ರ ಕೈಮ್ಯಾಲೆ ಹೊಡದ್ಲು.

ಒಂದು ಚಮಚದ್ದು ಬಿತ್ತು. ಮೂರರದ್ದು ಒಡೀತು. ಎರಡರದ್ದು ಇವತ್ತು ನಿಂತಿತು — ಹೆಬ್ಬೆಟ್ಟಿಗೂ ಅಲ್ಲಾಡಲಿಲ್ಲ.

ಎಂಥಾ ತಲಿ! ನಾನು ನಾಕನೇ ಇಯತ್ತೆ, ಆಕಿ ಎರಡನೇದು. ಹನ್ನೆರಡು ವರ್ಷ ನನ್ನ ಕಣ್ಣಿಗೆ ಬೀಳಲಾರದ್ದು ಎಂಟು ದಿನದಾಗ ಹಿಡದ್ಲು.

೧೦-೮-೪೭, ಸಂಜೆ

ಸೆಂಡಾಫ್ ಆತು. ಲಾಡಸಾಬನೇ ಗೋಲಿ ಒತ್ತಿದ. ಟಪ್! ನೀಲಿ ನೊರಿ ಮೊಣಕೈ ತನಕ. ಸಾಹೇಬ ಕುಡಿದ, ಕಣ್ಣು ಮುಚ್ಚಿದ, ಇನ್ನೊಂದು ಕೇಳಿದ.

"ರಸ ಎಷ್ಟು ಅಂತ ಹೆಂಗ ಗೊತ್ತಾತೋ ಅಂದಪ್ಪಾ?"

ಶೆಡ್ಡಿಗೆ ಶೆಡ್ಡೇ ನನ್ನ ಕಡೆ ನೋಡಾಕತ್ತಿತ್ತು. ಸುಳ್ಳು ನಾಲಗಿ ತುದಿಗಿತ್ತು, ಛಲೋ ಸುಳ್ಳು. ಬಾಗಲದಾಗ ಹನಮಂತವ್ವ ಖಾಲಿ ಬಾಟ್ಲಿ ಆರಿಸ್ಕೋತ ನಿಂತಿದ್ಲು. ತಲಿ ಎತ್ತಲಿಲ್ಲ. ನಾ ಏನು ಹೇಳಾಂವ ಅಂತ ಮೊದಲ ಗೊತ್ತಿದ್ದಂಗ... ಅದ ಚುಚ್ಚಿತು.

"ನನಗೆಲ್ಲಿ ಗೊತ್ತಾಗ್ತೈತ್ರಿ. ಎಲ್ಲಾ ಆಕಿದ. ಆಕಿನ್ನ ಕೇಳ್ರಿ" ಅಂದೆ.

ಸಾಹೇಬ ಎದ್ದು ನಿಂತು ಟೊಪಿಗಿ ತಗದ. ಆಕಿಗೆ! ಟೇಸನ್ ಮಾಸ್ತರಗೂ ತಗದಾಂವಲ್ಲ. ಹುಡುಗಿ ಸೆರಗು ಬಾಯಿಗೆ ಹಿಡಕೊಂಡ್ಲು.

ಲಾಡಸಾಬ ಬಿಡ್ತಾನೇನು? "ಹಂಗಾರ ನಿನ್ನ ತಲಿನೂ ಅಲ್ಲ, ಕೈನೂ ಅಲ್ಲ! ಕಾಕಾ, ಮಾತು ಅಂದ್ರ ಮಾತು!"

ಅದನ್ನ ವಿಚಾರ ಮಾಡಿರಲಿಲ್ಲ.

೧೧-೮-೪೭, ಮುಂಜಾನೆ

ಕಟ್ಟಿ ಮ್ಯಾಲೆ ಕುಂತೇನಿ. ಅರ್ಧ ಬೆಟಗೇರಿ ನೋಡಾಕ ಬಂದೈತಿ. "ಬ್ಯಾಡ್ರಿ ಕಾಕಾ, ಶೆಡ್ಡಿನವರಿಗೆ ನಾ ಹೇಳ್ತೀನಿ" ಅಂತ ಹನಮಂತವ್ವ ಕಣ್ಣೀರು ತಂದ್ಲು. "ಹುಚ್ಚಿ, ಮೀಸಿ ಮತ್ತ ಬರ್ತೈತಿ. ಸಾಹೇಬನ ಟೊಪಿಗಿ ಮತ್ತ ಇಳೀತೈತೇನು?" ಅಂದೆ.

ಪುಂಡಲೀಕಪ್ಪ ನೀರು ಹಚ್ಚಿದ. "ಬರಿಯೂದು ಬಿಡೋ, ಅಲ್ಲಾಡಿದ್ರ ತುಟಿನೂ ಹೋದೀತು."

ನಿಂದ್ರಲೇ, ಇದೊಂದು ಮರೀಬಾರದು — ಬಾಟ್ಲಿಗೆ ರಸ ಎರಡ ಚಮಚ. ಕಂಡು ಹಿಡಿದಾಕಿ ಹನಮಂ